ಒಡೆದ ಚೂರನ್ನು ಎಸೆಯುವ ಮುನ್ನ

ಕಿಲ್ನ್‌ನಲ್ಲಿ (ವಿದ್ಯುತ್ ಆವಿಗೆ) ಗಾಜನ್ನು ಬೆಸೆದು, ಬಾಗಿಸಿ, ಎರಕ ಹೊಯ್ದು ಕೆಲಸ ಮಾಡುವ ಓದುಗರಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಡೆದುಹೋದ ಗಾಜಿನ ಬಗ್ಗೆಯೇ ಇವೆ. ಹಲವರು ಚೂರುಗಳ ಫೋಟೋ ಕೂಡ ಕಳುಹಿಸಿದ್ದೀರಿ. ಅದರಿಂದ ಬಹಳ ಉಪಕಾರವಾಯಿತು. ಗಾಜು ಯಾವಾಗ ಒಡೆಯಿತು, ಯಾಕೆ ಒಡೆಯಿತು ಎನ್ನುವುದರ ಗುರುತು ಅದರ ಅಂಚಿನಲ್ಲೇ ಉಳಿದಿರುತ್ತದೆ. ಬೇಸರದಲ್ಲಿ ಚೂರುಗಳನ್ನು ಗುಡಿಸಿ ಹಾಕಿಬಿಟ್ಟರೆ ಆ ಗುರುತೂ ಹೋಗುತ್ತದೆ.

ಪ್ರಶ್ನೆ: ಕಿಟಕಿ ಗಾಜಿನ ಮೇಲೆ, ಹೊರದೇಶದಿಂದ ತರಿಸಿದ ಕೆಂಪು ಗಾಜನ್ನು ಎಲೆಗಳಂತೆ ಕತ್ತರಿಸಿಟ್ಟು ಒಂದು ತಟ್ಟೆ ಮಾಡಿದೆ. ಕಿಲ್ನ್‌ನಿಂದ ತೆಗೆದಾಗ ಚೆನ್ನಾಗಿಯೇ ಇತ್ತು. ಮೂರನೇ ದಿನ ರಾತ್ರಿ ಶೋಕೇಸಿನಲ್ಲಿ ಟಪ್ ಎಂದು ಸದ್ದಾಗಿ ಸೀಳಿಹೋಯಿತು. ಯಾರೂ ಮುಟ್ಟಿರಲಿಲ್ಲ. ಹೀಗಾಗಿದ್ದು ಇದು ಎರಡನೇ ಸಲ. ಮನೆಯಲ್ಲಿ ಗಾಜು ತಾನಾಗಿ ಒಡೆಯುವುದು ಅಪಶಕುನ, ಈ ಕೆಲಸ ಬಿಟ್ಟುಬಿಡು ಎನ್ನುತ್ತಿದ್ದಾರೆ. ನನ್ನ ಕೈಯಲ್ಲೇ ಏನಾದರೂ ದೋಷವಿದೆಯೇ?
— ಚಿತ್ರಕಲಾ ಶಿಕ್ಷಕಿ, ಮೈಸೂರು

ಉತ್ತರ: ಇಲ್ಲ, ನಿಮ್ಮ ಕೈಯಲ್ಲಿ ದೋಷವಿಲ್ಲ. ಯಾರೂ ಮುಟ್ಟದ ತಟ್ಟೆ ನಡುರಾತ್ರಿ ಸದ್ದು ಮಾಡಿ ಸೀಳಿದರೆ ಮನೆಯವರ ಎದೆ ಝಲ್ಲೆನ್ನುವುದು ಸಹಜ. ಅವರ ಕಳವಳಕ್ಕೆ ನೀವು ಕೊಡಬಹುದಾದ ಸಮಾಧಾನವೆಂದರೆ ಕಾರಣ ತೋರಿಸುವುದು. ಆ ಕಾರಣ ಇದೆ, ತೋರಿಸಲೂ ಬರುತ್ತದೆ.

ನೀವು ಕಳುಹಿಸಿದ ಫೋಟೋ ನೋಡಿ. ಸೀಳು ತಟ್ಟೆಯನ್ನು ನೇರವಾಗಿ ದಾಟಿಹೋಗಿಲ್ಲ. ಕೆಂಪು ಎಲೆಯ ಅಂಚನ್ನೇ ಹಿಡಿದು ಸುತ್ತಿಕೊಂಡು ಹೋಗಿದೆ. ಒಂದಕ್ಕೊಂದು ಹೊಂದದ ಎರಡು ಗಾಜುಗಳನ್ನು ಬೆಸೆದಾಗ ಸಾಮಾನ್ಯವಾಗಿ ಕಾಣುವ ಗುರುತು ಇದೇ.

ಗಾಜು ಬಿಸಿಯಾದಾಗ ಹಿಗ್ಗುತ್ತದೆ, ತಣಿದಾಗ ಕುಗ್ಗುತ್ತದೆ. ಎಷ್ಟು ಎನ್ನುವುದು ಗಾಜಿನಿಂದ ಗಾಜಿಗೆ ಬೇರೆ. ಈ ಅಳತೆಯನ್ನು ಸಿಒಇ (ಒಂದು ಡಿಗ್ರಿ ಬಿಸಿಗೆ ಗಾಜು ಹಿಗ್ಗುವ ಪ್ರಮಾಣ) ಎನ್ನುತ್ತಾರೆ. ಅಮೆರಿಕದ ಪೋರ್ಟ್‌ಲ್ಯಾಂಡಿನ ಬುಲ್ಸ್‌ಐ ಕಂಪನಿಯ ಗಾಜಿಗೆ 90 ಎಂಬ ಸಂಖ್ಯೆ, ಹಿಂದೆ ಸ್ಪೆಕ್ಟ್ರಮ್ ಕಂಪನಿ ತಯಾರಿಸುತ್ತಿದ್ದು ಆಮೇಲೆ ಓಷನ್‌ಸೈಡ್ ಕಂಪನಿ ವಹಿಸಿಕೊಂಡ ಸರಣಿಗೆ 96. ನಮ್ಮ ಕಿಟಕಿಗಳ ಫ್ಲೋಟ್ ಗಾಜು (ಕರಗಿದ ತವರದ ಮೇಲೆ ತೇಲಿಸಿ ಮಾಡಿದ ಹಾಳೆ ಗಾಜು) ಸುಮಾರು 84ರ ಆಸುಪಾಸು. ನಿಮ್ಮ ಕೆಂಪು ಗಾಜು 90ರದ್ದು ಎಂದು ಬರೆದಿದ್ದೀರಿ. ಅಂದರೆ ಆರರ ವ್ಯತ್ಯಾಸ. 20 ಸೆಂಟಿಮೀಟರ್ ಉದ್ದದ ಗಾಜಿನಲ್ಲಿ, 500 ಡಿಗ್ರಿಯಿಂದ ಕೋಣೆಯ ಬಿಸಿಗೆ ಇಳಿಯುವಷ್ಟರಲ್ಲಿ, ಒಂದು ಇನ್ನೊಂದಕ್ಕಿಂತ ಸುಮಾರು 0.06 ಮಿಲಿಮೀಟರ್ ಹೆಚ್ಚು ಕುಗ್ಗಬೇಕು. ಕೇಳಲು ಏನೂ ಅಲ್ಲ ಎನಿಸುತ್ತದೆ. ಆದರೆ ಎರಡೂ ಒಂದಾಗಿ ಬೆಸೆದುಕೊಂಡಿರುವುದರಿಂದ ಕೆಂಪು ಗಾಜು ಬೇಕಾದಷ್ಟು ಕುಗ್ಗಲಾರದು, ಕಿಟಕಿ ಗಾಜು ಅದನ್ನು ಬಿಟ್ಟುಕೊಡದು. ಅಲ್ಲಿ ಬಿಗಿತ ಶಾಶ್ವತವಾಗಿ ಉಳಿಯುತ್ತದೆ. ಗಾಜಿನ ಮೈಮೇಲೆ ಕಣ್ಣಿಗೆ ಕಾಣದ ಗೀರುಗಳು ಯಾವಾಗಲೂ ಇರುತ್ತವೆ. ಬಿಗಿತವಿದ್ದ ಕಡೆ ಗಾಳಿಯ ತೇವ ಸೇರಿ ಆ ಗೀರು ಮೆಲ್ಲಗೆ ಬೆಳೆಯುತ್ತದೆ. ಒಂದು ಹಂತ ಮುಟ್ಟಿದಾಗ ಒಮ್ಮೆಲೇ ಓಡುತ್ತದೆ. ಮೂರು ದಿನ ತಡವಾದದ್ದು ಹೀಗೆ. ಮೂರು ತಿಂಗಳಾಗಿದ್ದರೂ ಆಗುತ್ತಿತ್ತು.

ಇದನ್ನು ಮನೆಯಲ್ಲೇ ಕಣ್ಣಾರೆ ನೋಡಬಹುದು. ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯನ್ನು ಪೂರ್ತಿ ಬಿಳಿಯಾಗಿಸಿ. ಪೋಲರೈಸ್ಡ್ ತಂಪು ಕನ್ನಡಕವೊಂದನ್ನು ಕಣ್ಣಿನ ಮುಂದೆ ಹಿಡಿದು, ಪರದೆ ಕಪ್ಪಾಗಿ ಕಾಣುವವರೆಗೆ ತಿರುಗಿಸಿ. ಈಗ ಪರದೆಗೂ ಕನ್ನಡಕಕ್ಕೂ ನಡುವೆ ಪಾರದರ್ಶಕ ಗಾಜಿನ ಕೆಲಸವನ್ನು ಹಿಡಿಯಿರಿ. ಬಿಗಿತವಿಲ್ಲದ ಗಾಜು ಕಪ್ಪಾಗಿಯೇ ಉಳಿಯುತ್ತದೆ. ಬಿಗಿತವಿದ್ದ ಕಡೆ ಬೆಳಕಿನ ಬಳೆ ಮೂಡುತ್ತದೆ. ಹೀಗೇ ಮಾಡಿದ ಇನ್ನೊಂದು ತಟ್ಟೆ ಇನ್ನೂ ಒಡೆಯದೆ ಉಳಿದಿದ್ದರೆ ಮನೆಯವರನ್ನು ಕರೆದು ತೋರಿಸಿ. ಎಲೆಯ ಸುತ್ತ ಬೆಳ್ಳಗೆ ಹೊಳೆಯುವುದನ್ನು ಕಂಡರೆ ಅವರ ಅಳುಕೂ ಕಡಿಮೆಯಾದೀತು. ನೋಡಿದ ಮೇಲೆ ಆ ತಟ್ಟೆಯನ್ನು ಬಟ್ಟೆಯಲ್ಲಿ ಸುತ್ತಿ ಬೇರೆ ಇಡಿ, ಬಳಸಬೇಡಿ.

ಇನ್ನು ಮುಂದೆ ಹೊಸ ಗಾಜು ತಂದಾಗಲೆಲ್ಲ ಒಂದು ಪರೀಕ್ಷೆ ಮಾಡಿಕೊಳ್ಳಿ. ತಳದ ಗಾಜಿನ ಒಂದು ಪಟ್ಟಿಯ ಮೇಲೆ, ಪ್ರತಿ ಬಣ್ಣದ ಗಾಜಿನ ಬೆರಳುಗುರಿನಷ್ಟು ಚೂರನ್ನು ದೂರ ದೂರ ಇಡಿ. ಕೊನೆಯಲ್ಲಿ ತಳದ ಗಾಜಿನದ್ದೇ ಒಂದು ಚೂರನ್ನೂ ಇಡಿ. ಪೂರ್ತಿ ಬೆಸೆದು, ಸರಿಯಾಗಿ ತಣಿಸಿ, ಮೇಲೆ ಹೇಳಿದಂತೆ ನೋಡಿ. ಬಣ್ಣದ ಚೂರಿನ ಸುತ್ತ ಮಾತ್ರ ಬೆಳಕು ಕಂಡರೆ ಎರಡು ಗಾಜು ಹೊಂದುತ್ತಿಲ್ಲ. ತಳದ ಗಾಜಿನ ಚೂರಿನ ಸುತ್ತಲೂ ಕಂಡರೆ ಗಾಜಿನ ದೋಷವಲ್ಲ, ತಣಿಸುವುದರಲ್ಲಿ ಅವಸರವಾಗಿದೆ.

ಹೆಚ್ಚು ಹೊತ್ತು ತಣಿಸಿದರೆ ಹೊಂದದ ಗಾಜೂ ಹೊಂದಿಕೊಳ್ಳುತ್ತದೆ ಎಂದು ಕೆಲವರು ಹೇಳುತ್ತಾರೆ. ಅದು ನಿಜವಲ್ಲ. ಸಿಒಇ ಸಂಖ್ಯೆ ಒಂದೇ ಇದ್ದರೆ ಸಾಕು ಎಂಬ ಮಾತೂ ಪೂರ್ತಿ ನಿಜವಲ್ಲ. ಗಾಜು ಎಷ್ಟು ಬಿಸಿಯಲ್ಲಿ ಗಟ್ಟಿಯಾಗುತ್ತದೆ ಎನ್ನುವುದೂ ಹೊಂದಬೇಕು. ಅದಕ್ಕೇ ತಯಾರಕರು ಪರೀಕ್ಷಿಸಿ ಹೊಂದುತ್ತದೆ ಎಂದು ಗುರುತು ಹಾಕಿದ ಗಾಜನ್ನು ಅದೇ ತಯಾರಕರ ಗಾಜಿನೊಂದಿಗೆ ಬಳಸುವುದು ಒಳ್ಳೆಯದು. ಕಿಟಕಿ ಗಾಜಾದರೆ ಒಂದೇ ಹಾಳೆಯಿಂದ ಎಲ್ಲ ಪದರಗಳನ್ನೂ ಕತ್ತರಿಸಿ, ಬಣ್ಣಕ್ಕೆ ಫ್ಲೋಟ್ ಗಾಜಿಗೆಂದೇ ಮಾಡಿದ ಎನಾಮಲ್ ಪುಡಿ ಬಳಸಿ. ಬಾಟಲಿಯಾದರೆ ಒಂದು ಬಾಟಲಿಯ ಗಾಜನ್ನು ಅದರ ಜೊತೆಗೇ ಬೆಸೆಯಿರಿ. ಕೆಂಪು ಗಾಜು ವ್ಯರ್ಥವಾಗಲಿಲ್ಲ, ಅದರದ್ದೇ ಪಾರದರ್ಶಕ ಜೊತೆಗಾಜು ಸಿಕ್ಕಾಗ ಎಲೆಗಳನ್ನು ಮತ್ತೆ ಕತ್ತರಿಸಿಕೊಳ್ಳಬಹುದು.

ಪ್ರಶ್ನೆ: ನಮ್ಮಲ್ಲಿ ಮಳೆಗಾಲವಿಡೀ ಕರೆಂಟ್ ಹೋಗಿ ಬಂದು ಮಾಡುತ್ತದೆ. ಕಿಲ್ನ್ ಹಚ್ಚಿದ ದಿನ ನಿದ್ದೆಯೇ ಬರುವುದಿಲ್ಲ. ನಡುವೆ ಕರೆಂಟ್ ಹೋದರೆ ಒಳಗಿನ ಗಾಜು ಸಿಡಿಯುತ್ತದೆಯೇ? ಕಿಲ್ನ್ ಹಾಳಾಗುತ್ತದೆಯೇ?
— ಓದುಗರು, ಸಾಗರ

ಉತ್ತರ: ಮಲೆನಾಡಿನ ಮಳೆಗಾಲದಲ್ಲಿ ಈ ಆತಂಕ ಇಲ್ಲದವರು ಯಾರು? ಮೊದಲು ಸಮಾಧಾನದ ಮಾತು: ಕರೆಂಟ್ ಹೋದ ಮಾತ್ರಕ್ಕೆ ಗಾಜು ಸಿಡಿಯುವುದಿಲ್ಲ. ಇಟ್ಟಿಗೆಯ ಗೋಡೆಯುಳ್ಳ ಕಿಲ್ನ್ ತನ್ನ ಬಿಸಿಯನ್ನು ಮೆಲ್ಲಗೆ ಬಿಡುತ್ತದೆ. ಮುಚ್ಚಳ ತೆರೆಯದಿದ್ದರೆ ಹೆಚ್ಚಿನ ಸಲ ಗಾಜು ಉಳಿಯುತ್ತದೆ. ಏನಾಯಿತೋ ನೋಡೋಣ ಎಂದು ಟಾರ್ಚ್ ಹಿಡಿದು ಮುಚ್ಚಳ ಎತ್ತುವುದರಿಂದ ಆಗುವ ಹಾನಿ ಕರೆಂಟ್ ಹೋಗುವುದರಿಂದ ಆಗುವುದಿಲ್ಲ. ಬಿಸಿ ಉಳಿಯಲೆಂದು ಕಿಲ್ನ್ ಮೇಲೆ ಕಂಬಳಿ, ಗೋಣಿಚೀಲ ಹೊದಿಸುವುದೂ ಬೇಡ, ಬೆಂಕಿ ಹತ್ತೀತು.

ಯಾವ ಹಂತದಲ್ಲಿ ಹೋಯಿತು ಎನ್ನುವುದು ಮುಖ್ಯ. ಕಿಟಕಿ ಗಾಜಿನ ಲೆಕ್ಕ ಹೇಳುತ್ತೇನೆ. ಬಿಸಿ ಏರುತ್ತಿರುವಾಗ ಹೋದರೆ ಕಳೆದುಕೊಂಡದ್ದು ಸಮಯ ಮಾತ್ರ. ಕರೆಂಟ್ ಬಂದ ಮೇಲೆ ಆಗ ಇರುವ ಬಿಸಿಯಿಂದಲೇ, ಮೊದಲಿನಷ್ಟೇ ನಿಧಾನವಾಗಿ ಮತ್ತೆ ಏರಿಸಿ. ತುತ್ತತುದಿಯ ಬಿಸಿಯಲ್ಲಿ, ಅಂದರೆ 820-830 ಡಿಗ್ರಿಯಲ್ಲಿ ಹೋದರೆ ಬೆಸುಗೆ ಅರ್ಧಕ್ಕೆ ನಿಲ್ಲಬಹುದು, ಇನ್ನೊಂದು ಸಲ ಸುಟ್ಟರೆ ಸರಿಯಾಗುತ್ತದೆ. ಅಲ್ಲಿಂದ 560ರವರೆಗೆ ಬೇಗ ಇಳಿಯುವುದು ಹೇಗೂ ನಮಗೆ ಬೇಕಾದದ್ದೇ.

ಎಚ್ಚರ ಬೇಕಾದದ್ದು 560ರಿಂದ 370ರ ನಡುವೆ. ಅನೀಲಿಂಗ್ (ಗಾಜನ್ನು ನಿಧಾನವಾಗಿ ತಣಿಸಿ ಒಳಗಿನ ಬಿಗಿತ ಕಳೆಯುವುದು) ನಡೆಯುವುದು ಇಲ್ಲಿ. ಇಲ್ಲಿ ಕರೆಂಟ್ ಕೈಕೊಟ್ಟರೆ ಕಿಲ್ನ್ ತಾನಾಗಿ ಪೂರ್ತಿ ತಣಿಯಲಿ ಎಂದು ಬಿಟ್ಟರೂ 6 ಮಿಲಿಮೀಟರ್ ದಪ್ಪದ ತಟ್ಟೆ ಸಾಮಾನ್ಯವಾಗಿ ಒಡೆಯದೆ ಹೊರಬರುತ್ತದೆ. ಆದರೆ ಒಳಗೆ ಬಿಗಿತ ಉಳಿದಿರಬಹುದು. ಹಾಗಾಗಿ ಮರುದಿನ ಗಂಟೆಗೆ 100 ಡಿಗ್ರಿಯಂತೆ ಮತ್ತೆ 550ಕ್ಕೆ ಏರಿಸಿ, ಒಂದು ಗಂಟೆ ಹಿಡಿದು, ಗಂಟೆಗೆ 80 ಡಿಗ್ರಿಗಿಂತ ಹೆಚ್ಚಾಗದಂತೆ 370ಕ್ಕೆ ಇಳಿಸಿ. ಅನೀಲಿಂಗ್ ಅನ್ನು ಎಷ್ಟು ಸಲ ಬೇಕಾದರೂ ಮತ್ತೆ ಮಾಡಬಹುದು. ಈ ಒಂದು ಮಾತು ನೆನಪಿಟ್ಟುಕೊಂಡರೆ ನಿಮಗೆ ರಾತ್ರಿ ನಿದ್ದೆ ಬರುತ್ತದೆ ಎಂದುಕೊಂಡಿದ್ದೇನೆ.

ನಿಮ್ಮ ಕಂಟ್ರೋಲರ್ (ಬಿಸಿಯ ಏರಿಳಿತವನ್ನು ನಡೆಸುವ ಪೆಟ್ಟಿಗೆ) ಕರೆಂಟ್ ಬಂದಾಗ ಏನು ಮಾಡುತ್ತದೆ ಎಂದು ಮೊದಲೇ ತಿಳಿದುಕೊಳ್ಳಿ. ಕೆಲವು ನಿಂತಲ್ಲಿಂದ ಮುಂದುವರಿಯುತ್ತವೆ, ಕೆಲವು ಮೊದಲಿನಿಂದ ಶುರುಮಾಡುತ್ತವೆ, ಕೆಲವು ಸುಮ್ಮನಾಗುತ್ತವೆ. ಖಾಲಿ ಕಿಲ್ನ್ ಅನ್ನು 150 ಡಿಗ್ರಿಯವರೆಗೆ ಬಿಸಿಮಾಡಿ, ಒಂದು ನಿಮಿಷ ಮೇನ್ ಆಫ್ ಮಾಡಿ ನೋಡಿದರೆ ಗೊತ್ತಾಗುತ್ತದೆ.

ನೀವು ಕೇಳದ ಇನ್ನೊಂದು ವಿಷಯ, ವೋಲ್ಟೇಜ್. ಕಿಲ್ನ್‌ನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ಇರಬೇಕಾದ ಕಡೆ 200 ಇದ್ದರೆ ಶಕ್ತಿ ಕಾಲುಭಾಗದಷ್ಟು ಕಡಿಮೆ. 3 ಕಿಲೋವ್ಯಾಟ್ ಕಿಲ್ನ್ ಸುಮಾರು 2.3ರದ್ದಾಗಿಬಿಡುತ್ತದೆ. ಆಗ ತುದಿಯ ಬಿಸಿ ಮುಟ್ಟಲು ಬಹಳ ಹೊತ್ತು ಹಿಡಿದು ಗಾಜಿನ ಮೇಲೆ ಮಬ್ಬು ಕೂರುತ್ತದೆ. ಸಂಜೆಯ ಹೊತ್ತು ಬಿಟ್ಟು, ಊರಿನ ದೀಪಗಳು ಆರಿದ ಮೇಲೆ ಹಚ್ಚಿ.

ಪ್ರಶ್ನೆ: ಎರಡು ಪದರ ಕಿಟಕಿ ಗಾಜು ಬೆಸೆದಾಗಲೆಲ್ಲ ಮೇಲ್ಮೈ ಮೇಲೆ ಬೂದು-ಬಿಳಿ ಪೊರೆ ಬರುತ್ತದೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಗಾಜು ಕೆಟ್ಟದ್ದೇ?
— ಓದುಗರು, ವಿಜಯಪುರ

ಉತ್ತರ: ಗಾಜು ಕೆಟ್ಟದ್ದಲ್ಲ. ಕಿಟಕಿ ಗಾಜಿನಲ್ಲಿ ಕೆಲಸ ಮಾಡುವ ಎಲ್ಲರಿಗೂ ಈ ಪೊರೆಯ ಪರಿಚಯವಿದೆ. ಇದು ಡೀವಿಟ್ರಿಫಿಕೇಶನ್ (ಗಾಜಿನ ಮೈ ಹರಳುಗಟ್ಟುವುದು). ಗಾಜು 700ರಿಂದ 800 ಡಿಗ್ರಿಯ ನಡುವೆ ಹೆಚ್ಚು ಹೊತ್ತು ಉಳಿದರೆ ಮೇಲ್ಮೈಯ ಕಣಗಳು ಸಾಲುಗೂಡಿ ಹರಳಾಗುತ್ತವೆ. ಫ್ಯೂಸಿಂಗ್‌ಗೆಂದೇ (ಬಿಸಿಯಲ್ಲಿ ಬೆಸೆಯುವ ಕೆಲಸ) ಮಾಡಿದ ಗಾಜಿನಲ್ಲಿ ಇದು ಸುಲಭಕ್ಕೆ ಆಗದಂತೆ ಬೆರಕೆ ಹೊಂದಿಸಿರುತ್ತಾರೆ. ಕಿಟಕಿ ಗಾಜನ್ನು ಮಾಡುವವರಿಗೆ ಆ ಯೋಚನೆಯ ಅಗತ್ಯವೇ ಇಲ್ಲ.

ಹರಳು ಕಟ್ಟಲು ಒಂದು ಬೀಜ ಬೇಕು. ಧೂಳಿನ ಕಣ, ಬೆರಳಿನ ಜಿಡ್ಡು, ಗ್ರೈಂಡರಿನ ಹುಡಿ, ಇವೆಲ್ಲ ಬೀಜವೇ. ನಿಮ್ಮಲ್ಲಿ ಬೋರ್‌ವೆಲ್ ನೀರಿನಲ್ಲಿ ತೊಳೆಯುತ್ತೀರಿ ಎಂದು ಬರೆದಿದ್ದೀರಿ, ಆ ಗಡಸು ನೀರು ಒಣಗಿದಾಗ ಉಳಿಯುವ ಬಿಳಿ ಕಲೆಯೂ ಬೀಜವೇ. ಕೊನೆಯ ಸಲ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು, ನೂಲು ಬಿಡದ ಬಟ್ಟೆಯಲ್ಲಿ ಒರೆಸಿ, ಅಂಚು ಹಿಡಿದೇ ಕಿಲ್ನ್‌ಗೆ ಇಡಿ. ತುದಿಯ ಬಿಸಿಯಲ್ಲಿ ಹತ್ತು ನಿಮಿಷ ಸಾಕು. ಅಲ್ಲಿಂದ 560ಕ್ಕೆ ತಡೆಯಿಲ್ಲದೆ ಇಳಿಯಲು ಬಿಡಿ.

ಈಗಾಗಲೇ ಮಬ್ಬಾದ ಗಾಜಿಗೆ ಬಿಳಿಗಾರ (ಬೋರಾಕ್ಸ್) ಸಹಾಯ ಮಾಡುತ್ತದೆ. ಬಿಸಿನೀರಿನಲ್ಲಿ ಕರಗುವಷ್ಟು ಬಿಳಿಗಾರ ಕದಡಿ, ಬಟ್ಟೆಯಲ್ಲಿ ಸೋಸಿ, ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ. ಪೊರೆಯ ಮೇಲ್ಭಾಗವನ್ನು ವಾಟರ್ ಪೇಪರಿನಿಂದ (ನೀರು ಹಾಕಿ ಉಜ್ಜುವ ಮರಳುಕಾಗದ) ಚೆನ್ನಾಗಿ ಉಜ್ಜಿ ತೊಳೆದು, ಈ ದ್ರಾವಣವನ್ನು ತೆಳ್ಳಗೆ ಸಮನಾಗಿ ಹಚ್ಚಿ, ಒಣಗಿಸಿ ಮತ್ತೆ ಸುಡಿ. ಬಿಳಿಗಾರ ಮೇಲ್ಮೈಯಲ್ಲಿ ಬೇಗ ಕರಗುವ ತೆಳು ಗಾಜಾಗಿ ಕೂರುತ್ತದೆ, ಹೊಳಪು ಮರಳುತ್ತದೆ. ದಪ್ಪ ಹಚ್ಚಿದರೆ ಕಲೆ ಬೀಳುತ್ತದೆ. ಊಟದ ತಟ್ಟೆಗಳಿಗೆ ಇದನ್ನು ಬಳಸಬೇಡಿ.

ಹಾಂ, ಫ್ಲೋಟ್ ಗಾಜಿಗೆ ಎರಡು ಮುಖ. ತವರದ ಮೇಲೆ ತೇಲಿದ ಮುಖದಲ್ಲಿ ತವರದ ಅಂಶ ಉಳಿದಿರುತ್ತದೆ. ಅಚ್ಚಿನಲ್ಲಿ ಬಾಗಿಸಿದಾಗ ಆ ಮುಖ ಕೆಲವೊಮ್ಮೆ ಬೇರೆ ಬಗೆಯ ಮಬ್ಬು ತೋರಿಸುತ್ತದೆ. 254 ನ್ಯಾನೋಮೀಟರಿನ ಅಲ್ಟ್ರಾವಯೊಲೆಟ್ ದೀಪ ಹಿಡಿದರೆ ತವರದ ಮುಖ ಹಾಲುಬಿಳುಪಾಗಿ ಹೊಳೆಯುತ್ತದೆ. ಆ ದೀಪವನ್ನು ಬರಿಗಣ್ಣಿನಲ್ಲಿ ನೋಡಬಾರದು, ಅದಕ್ಕೆ ತಕ್ಕ ಕನ್ನಡಕ ಬೇಕು. ಎಲ್ಲ ಪದರಗಳಲ್ಲೂ ತವರದ ಮುಖ ಒಂದೇ ಕಡೆ ಇರಲಿ.

ಪ್ರಶ್ನೆ: ಗಾಜಿನ ನಡುವೆ ದೊಡ್ಡ ಗುಳ್ಳೆ ಎದ್ದು ಒಡೆದು ತೂತಾಗುತ್ತದೆ. ಒಂದೇ ಪದರ ಇಟ್ಟರೆ ಅಂಚು ಮುಳ್ಳುಮುಳ್ಳಾಗಿ ಒಳಕ್ಕೆ ಸರಿಯುತ್ತದೆ. ಎರಡಕ್ಕೂ ಪರಿಹಾರ ತಿಳಿಸಿ.
— ಓದುಗರು, ಹುಬ್ಬಳ್ಳಿ

ಉತ್ತರ: ಎರಡೂ ಸುಲಭವಾಗಿ ತಿದ್ದಿಕೊಳ್ಳಬಹುದಾದ ತೊಂದರೆಗಳು. ಪೂರ್ತಿ ಕರಗಿದ ಗಾಜು ತಾನಾಗಿ 6 ಮಿಲಿಮೀಟರ್ ದಪ್ಪಕ್ಕೆ ಬರಲು ನೋಡುತ್ತದೆ. 3 ಮಿಲಿಮೀಟರಿನ ಒಂದೇ ಹಾಳೆಯಿದ್ದರೆ ಆ ದಪ್ಪಕ್ಕಾಗಿ ಅಂಚಿನಿಂದ ಗಾಜನ್ನು ಒಳಕ್ಕೆಳೆದುಕೊಳ್ಳುತ್ತದೆ, ಮುಳ್ಳು ಆಗ ಏಳುತ್ತದೆ. ಎರಡು ಪದರ ಇಡಿ, ಇಲ್ಲವೇ ಒಂದೇ ಪದರವನ್ನು 760ರ ಆಚೆ ಒಯ್ಯಬೇಡಿ.

ಗುಳ್ಳೆ ಎಂದರೆ ಸಿಕ್ಕಿಬಿದ್ದ ಗಾಳಿ, ಅಥವಾ ಒಣಗದ ಕಿಲ್ನ್ ವಾಶ್‌ನ (ಗಾಜು ಕಿಲ್ನ್ ಒಳಗಿನ ಹಲಗೆಗೆ ಅಂಟದಂತೆ ಹಚ್ಚುವ ಬಿಳಿ ಲೇಪ) ತೇವ. ಲೇಪ ಹಚ್ಚಿದ ಹಲಗೆಯನ್ನು 260 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ ಕಾಯಿಸಿಯೇ ಗಾಜು ಇಡಿ. ಏರುವಾಗ ಕಿಟಕಿ ಗಾಜಾದರೆ 680ರ ಆಸುಪಾಸಿನಲ್ಲಿ, ಬುಲ್ಸ್‌ಐನಂಥ ಗಾಜಾದರೆ 650-670ರಲ್ಲಿ ಅರ್ಧ ಗಂಟೆ ನಿಲ್ಲಿಸಿ. ಮೇಲಿನ ಹಾಳೆ ಮೆಲ್ಲಗೆ ಕೆಳಗೊರಗಿ ಗಾಳಿಯನ್ನು ಅಂಚಿನತ್ತ ತಳ್ಳುತ್ತದೆ. ಪದರಗಳ ನಡುವೆ ಅದೇ ಗಾಜಿನ ಪುಡಿಯನ್ನು ಚಿಟಿಕೆಯಷ್ಟು ಉದುರಿಸಿದರೆ ಗಾಳಿಗೆ ದಾರಿ ಸಿಗುತ್ತದೆ. ಪೂರ್ತಿ ಬೆಸೆದ ಪ್ರತಿ ಸಲದ ನಂತರ ಹಳೆಯ ಲೇಪ ಕೆರೆದು ಹೊಸದು ಹಚ್ಚಿ, ಹಳೆಯದು ಗಾಜಿಗೆ ಅಂಟುತ್ತದೆ.

ಪ್ರಶ್ನೆ: ನಮ್ಮದು ಅಪಾರ್ಟ್‌ಮೆಂಟ್. ಬಾಲ್ಕನಿಯಲ್ಲಿ ಸಣ್ಣ ಕಿಲ್ನ್ ಇಡಬೇಕೆಂಬ ಆಸೆ. ಮಗುವಿಗೆ ನಾಲ್ಕು ವರ್ಷ. ಗಾಜಿನ ಧೂಳು, ಹೊಗೆ, ಶಾಕ್ ಎಂದೆಲ್ಲ ಓದಿ ಹೆದರಿಕೆಯಾಗಿದೆ. ಮಗು ಇರುವ ಮನೆಯಲ್ಲಿ ಈ ಕೆಲಸ ಮಾಡಬಹುದೇ?
— ತಾಯಿ, ಬೆಂಗಳೂರು

ಉತ್ತರ: ಮಾಡಬಹುದು. ಆದರೆ ನಿಮ್ಮ ಹೆದರಿಕೆ ಸರಿಯಾದ ಹೆದರಿಕೆಯೇ, ಅದನ್ನು ಕೈಬಿಡಬೇಡಿ. ಅದರ ಮಾತು ಕೇಳಿಯೇ ವ್ಯವಸ್ಥೆ ಮಾಡಿಕೊಳ್ಳೋಣ.

ನಾನು ಮೊದಲು ನೋಡುವುದು ಧೂಳನ್ನು. ಕಿಲ್ನ್ ವಾಶ್ ಪುಡಿ ಕಲಸುವಾಗ, ಹಳೆಯ ಲೇಪ ಕೆರೆಯುವಾಗ, ಗಾಜಿನ ಪುಡಿ ಜರಡಿ ಹಿಡಿಯುವಾಗ ಏಳುವ ನುಣ್ಣನೆಯ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಸಿಲಿಕಾ (ಮರಳಿನ ಹರಳು) ಇರುವ ಧೂಳನ್ನು ವರ್ಷಗಟ್ಟಲೆ ಉಸಿರಾಡಿದರೆ ಸಿಲಿಕೋಸಿಸ್ ಎಂಬ ಕಾಯಿಲೆ ಬರುತ್ತದೆ, ಅದು ವಾಸಿಯಾಗುವುದಿಲ್ಲ. ಸೆರಾಮಿಕ್ ಫೈಬರ್ (ಕಿಲ್ನ್ ಕೆಲಸದಲ್ಲಿ ಬಳಸುವ, ಬಿಸಿ ತಾಳುವ ನಾರು) ಎಳೆಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್ ತರಬಹುದಾದವುಗಳ ಪಟ್ಟಿಯಲ್ಲಿ ಸೇರಿಸಿದೆ. ಆದ್ದರಿಂದ ಎನ್95 ಮುಖಗವಸು ಮೂಗಿಗೆ ಸರಿಯಾಗಿ ಕೂತಿರಬೇಕು, ಬಟ್ಟೆಯ ಮಾಸ್ಕ್ ಸಾಲದು. ಹಲಗೆಯನ್ನು ನೀರು ಚಿಮುಕಿಸಿ ಕೆರೆಯಿರಿ. ಪೊರಕೆಯಿಂದ ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಕೆಲಸದ ಏಪ್ರನ್ ಬಾಲ್ಕನಿಯಲ್ಲೇ ಬಿಟ್ಟು, ಕೈ ತೊಳೆದು ಮಗುವನ್ನು ಎತ್ತಿಕೊಳ್ಳಿ. ಪುಡಿಯ ಕೆಲಸ ಮಗು ಶಾಲೆಯಲ್ಲಿರುವಾಗ ಆಗಲಿ.

ವಿದ್ಯುತ್ತಿಗೆ ಬಂದರೆ, 3 ಕಿಲೋವ್ಯಾಟ್ ಕಿಲ್ನ್ 230 ವೋಲ್ಟಿನಲ್ಲಿ 13 ಆಂಪಿಯರ್ ಎಳೆಯುತ್ತದೆ, ಅದೂ ಗಂಟೆಗಟ್ಟಲೆ. ಗೀಸರಿನಂತೆ ಹತ್ತು ನಿಮಿಷಕ್ಕೆ ಮುಗಿಯುವುದಿಲ್ಲ. ಎಕ್ಸ್‌ಟೆನ್ಶನ್ ಬಾಕ್ಸ್ ಖಂಡಿತ ಬೇಡ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಅವರಿಂದ ಮೇನ್ ಬೋರ್ಡಿನಿಂದಲೇ ಬೇರೆ ತಂತಿ, ಬೇರೆ ಎಂಸಿಬಿ, ಸರಿಯಾದ ಅರ್ಥಿಂಗ್, ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದೊಡನೆ ತಾನಾಗಿ ಕಡಿಯುವ ಸ್ವಿಚ್) ಹಾಕಿಸಿ. ಒಳಗೆ ಕೈಹಾಕುವ ಮೊದಲು ಪ್ಲಗ್ ಕಿತ್ತಿಡಿ.

ಬಾಲ್ಕನಿಗೆ ಮಳೆ ಎರಚಲು ಬಡಿಯುತ್ತದೆಯೇ ನೋಡಿ. ಬಡಿಯುವುದಾದರೆ ಅಲ್ಲಿ ಬೇಡ. ಗೋಡೆಯಿಂದ ಒಂದೂವರೆ ಅಡಿ ದೂರ ಇರಲಿ, ಸುತ್ತ ಪರದೆ, ಬಟ್ಟೆ ಒಣಗಿಸುವ ಹಗ್ಗ ಇರಬಾರದು. ಹೊರಮೈ ಕೂಡ ಸುಡುವಷ್ಟು ಬಿಸಿಯಾಗುತ್ತದೆ, ಹಾಗಾಗಿ ಬಾಲ್ಕನಿ ಬಾಗಿಲಿಗೆ ಮಗುವಿನ ಕೈಗೆಟುಕದ ಎತ್ತರದಲ್ಲಿ ಚಿಲಕ ಬೇಕೇ ಬೇಕು. ಫೈಬರ್ ಕಾಗದ (ಗಾಜು ಅಂಟದಂತೆ ಹಲಗೆಯ ಮೇಲೆ ಹಾಸುವ ಹಾಳೆ) 400 ಡಿಗ್ರಿಯ ಹೊತ್ತಿಗೆ ಸುಟ್ಟ ವಾಸನೆ ಬಿಡುತ್ತದೆ, ಆಗ ಮನೆಯ ಕಡೆಯ ಕಿಟಕಿ ಮುಚ್ಚಿರಲಿ. ಮಗುವಿನ ಊಟದ ತಟ್ಟೆ ಮಾತ್ರ ಸದ್ಯಕ್ಕೆ ಸ್ಟೀಲಿನದ್ದೇ ಇರಲಿ. ಕೆಲವು ಎನಾಮಲ್ ಬಣ್ಣಗಳಲ್ಲಿ ಸೀಸ ಮತ್ತು ಕ್ಯಾಡ್ಮಿಯಂ ಇರುತ್ತವೆ.

ಪ್ರಶ್ನೆ: ನಾವು ಮಡಿಕೆ-ಕುಡಿಕೆ ಮಾಡುವವರು. ನಮ್ಮಲ್ಲಿರುವ ಕರೆಂಟ್ ಆವಿಗೆಯಲ್ಲಿ ಗಾಜು ಸುಡಬಹುದಾ? ಒಮ್ಮೆ ನೋಡಿದೆವು, ಏರುವಾಗಲೇ ಒಡೆಯಿತು.
— ಕುಂಬಾರರು, ಖಾನಾಪುರ

ಉತ್ತರ: ಖಂಡಿತ ಸುಡಬಹುದು. ಬೆಂಕಿಯ ಜೊತೆ ನಿಮಗಿರುವ ಒಡನಾಟ ಗಾಜಿನವರಿಗೆ ಸುಲಭಕ್ಕೆ ಬರುವುದಲ್ಲ. ಏರುವಾಗಲೇ ಒಡೆದದ್ದು ಎಂದು ನೀವು ಸರಿಯಾಗಿಯೇ ಗುರುತಿಸಿದ್ದೀರಿ: ಚೂರಿನ ಅಂಚು ದುಂಡಗಾಗಿದೆ, ಅಂದರೆ ಮೊದಲು ಒಡೆದು ಆಮೇಲೆ ಕರಗಿದೆ. ಇಳಿಯುವಾಗ ಒಡೆದಿದ್ದರೆ ಅಂಚು ಬೆರಳು ಕೊಯ್ಯುವಷ್ಟು ಚೂಪಾಗಿರುತ್ತಿತ್ತು.

ಮಣ್ಣಿನ ಆವಿಗೆಯಲ್ಲಿ ತಂತಿಗಳು ಪಕ್ಕದ ಗೋಡೆಗಳಲ್ಲಿವೆ. ಗಾಜಿನ ಕಿಲ್ನ್‌ಗಳಲ್ಲಿ ಹೆಚ್ಚಾಗಿ ಮೇಲೆ, ಮುಚ್ಚಳದಲ್ಲಿರುತ್ತವೆ. ಪಕ್ಕದಿಂದ ಬಿಸಿ ಬಂದರೆ ಗಾಜಿನ ಅಂಚು ಬೇಗ ಕಾಯುತ್ತದೆ, ನಡುಭಾಗ ತಣ್ಣಗಿರುತ್ತದೆ, ಎರಡರ ನಡುವಿನ ಎಳೆದಾಟದಲ್ಲಿ ಒಡೆಯುತ್ತದೆ. ಗಾಜನ್ನು ಗೋಡೆಯಿಂದ ಒಂದು ಗೇಣು ಒಳಗಿಡಿ, ಒಂದೇ ಹಲಗೆ ಇಡಿ, 540 ಡಿಗ್ರಿ ದಾಟುವವರೆಗೆ ಗಂಟೆಗೆ 80-100ಕ್ಕಿಂತ ಹೆಚ್ಚು ಏರಿಸಬೇಡಿ. ಮಣ್ಣಿಗೆ ಸುಟ್ಟ ಮೇಲೆ ಸ್ವಿಚ್ ಆರಿಸಿದರೆ ಕೆಲಸ ಮುಗಿಯಿತು, ಗಾಜಿಗೆ ಇಳಿಯುವಾಗಲೂ ಕಾವಲು ಬೇಕು. ನಿಮ್ಮ ಕಂಟ್ರೋಲರ್ ಇಳಿಸುವ ಲೆಕ್ಕ ಇಡದಿದ್ದರೆ ಕೈಯಿಂದಲೇ ಸ್ವಿಚ್ ಹಾಕಿ ಆರಿಸಿ 550ರಲ್ಲಿ ಒಂದು ಗಂಟೆ ಹಿಡಿಯಬೇಕಾಗುತ್ತದೆ.

ಪ್ರಶ್ನೆ: ನಾನು ಶಿಲ್ಪಕಲೆಯ ವಿದ್ಯಾರ್ಥಿ. ಮೇಣದ ಮುಖದಿಂದ ತೆಗೆದ ಪ್ಲಾಸ್ಟರ್ ಅಚ್ಚಿನಲ್ಲಿ ಬುಲ್ಸ್‌ಐ ಗಾಜಿನಿಂದ 5 ಸೆಂಟಿಮೀಟರ್ ದಪ್ಪದ ಮುಖವೊಂದನ್ನು ಎರಕ ಹೊಯ್ದೆ. ತಟ್ಟೆಗಳಿಗೆ ಬಳಸುವ ಲೆಕ್ಕದಂತೆಯೇ ತಣಿಸಿದೆ. ಅಚ್ಚು ಬಿಡಿಸುವಾಗ ಹಣೆಯಿಂದ ಗಲ್ಲದವರೆಗೆ ಸೀಳಿತ್ತು. ಪದವಿ ಪ್ರದರ್ಶನ ಹತ್ತಿರವಿದೆ, ಇನ್ನೊಂದು ಸಲ ಹೊಯ್ಯಲು ಧೈರ್ಯ ಸಾಲುತ್ತಿಲ್ಲ.
— ವಿದ್ಯಾರ್ಥಿ, ಬೆಂಗಳೂರು

ಉತ್ತರ: ವಾರಗಟ್ಟಲೆ ಮೇಣದಲ್ಲಿ ತಿದ್ದಿದ ಮುಖ ಸೀಳಿದ್ದನ್ನು ನೋಡುವ ನೋವು ದೊಡ್ಡದು. ಧೈರ್ಯ ಸಾಲುತ್ತಿಲ್ಲ ಎನ್ನುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ನಿಮ್ಮ ಮುಖ ಸರಿಯಾಗಿ ತುಂಬಿದೆ, ಅಚ್ಚು ಒಡೆದಿಲ್ಲ, ಕಣ್ಣುರೆಪ್ಪೆಯ ಗೆರೆಯವರೆಗೆ ಮೂಡಿದೆ. ಕಷ್ಟದ ಕೆಲಸವೆಲ್ಲ ನಿಮಗೆ ಬಂದಿದೆ. ತಪ್ಪಿದ್ದು ತಣಿಸುವ ಗಂಟೆಗಳ ಲೆಕ್ಕ ಮಾತ್ರ.

ಗಾಜು ಬಿಸಿಯನ್ನು ತನ್ನೊಳಗಿಂದ ಬಹಳ ನಿಧಾನವಾಗಿ ಹೊರಬಿಡುತ್ತದೆ. ಹೊರಮೈ ತಣಿದು ಗಟ್ಟಿಯಾದಾಗ ಒಳಗು ಇನ್ನೂ ಬಿಸಿಯಾಗಿರುತ್ತದೆ. ಆಮೇಲೆ ಒಳಗು ಕುಗ್ಗಲು ಹೊರಟಾಗ ಹೊರಮೈ ಜಗ್ಗುವುದಿಲ್ಲ, ಬಿಗಿತ ಒಳಗೇ ಉಳಿಯುತ್ತದೆ. ದಪ್ಪ ಎರಡು ಪಟ್ಟಾದರೆ ತಣಿಸುವ ವೇಗ ಅರ್ಧವಾದರೆ ಸಾಲದು, ಕಾಲುಭಾಗಕ್ಕೆ ಇಳಿಯಬೇಕು. ಬುಲ್ಸ್‌ಐ ಕೊಡುವ ಪಟ್ಟಿಯನ್ನೇ ನೋಡಿ: 25 ಮಿಲಿಮೀಟರ್ ದಪ್ಪಕ್ಕೆ 482 ಡಿಗ್ರಿಯಲ್ಲಿ 4 ಗಂಟೆ ಹಿಡಿದು, ಗಂಟೆಗೆ 15 ಡಿಗ್ರಿಯಂತೆ 427ಕ್ಕೆ ಇಳಿಸಬೇಕು. 50 ಮಿಲಿಮೀಟರಿಗೆ 8 ಗಂಟೆ ಹಿಡಿದು, ಗಂಟೆಗೆ 3.8 ಡಿಗ್ರಿಯಂತೆ ಇಳಿಸಬೇಕು. ಆ 55 ಡಿಗ್ರಿ ಇಳಿಯಲಿಕ್ಕೇ ಹದಿನಾಲ್ಕೂವರೆ ಗಂಟೆ. ಆಮೇಲೆ 371ರವರೆಗೆ ಸ್ವಲ್ಪ ವೇಗ, ಅಲ್ಲಿಂದ ಕೋಣೆಯ ಬಿಸಿಯವರೆಗೆ ಇನ್ನೂ ಸ್ವಲ್ಪ ವೇಗ. ಒಟ್ಟು ಎರಡು ಹಗಲು ಎರಡು ರಾತ್ರಿ. ಇದೂ ಮೇಲೆ ಕೆಳಗೆ ಎರಡೂ ಕಡೆಯಿಂದ ಸಮನಾಗಿ ತಣಿಯುವ, ಒಂದೇ ದಪ್ಪದ ಗಾಜಿನ ಲೆಕ್ಕ. ನಿಮ್ಮ ಮುಖದಲ್ಲಿ ಮೂಗು ಎತ್ತರ, ಕೆನ್ನೆ ತಗ್ಗು, ಸುತ್ತ ಅಚ್ಚಿನ ದಪ್ಪ ಬೇರೆ. ಅತಿ ದಪ್ಪದ ಜಾಗವನ್ನು ಅಳೆದು, ಅದರ ಒಂದೂವರೆಪಟ್ಟು, ಅಂದರೆ 75 ಮಿಲಿಮೀಟರ್ ಎಂದುಕೊಂಡು ಪಟ್ಟಿ ನೋಡಿ.

ಗಾಜಿನಲ್ಲಿ ಬಹಳ ದೊಡ್ಡ ಎರಕ ಹೊಯ್ದವರೂ ಈ ಲೆಕ್ಕಕ್ಕೆ ತಲೆಬಾಗಿದವರೇ. ಅಮೆರಿಕದ ಪಲೋಮಾರ್ ದೂರದರ್ಶಕಕ್ಕೆ 200 ಅಂಗುಲದ, ಅಂದರೆ 5 ಮೀಟರ್ ಅಗಲದ ಗಾಜಿನ ಬಿಲ್ಲೆಯನ್ನು ಕಾರ್ನಿಂಗ್ ಗಾಜು ಕಾರ್ಖಾನೆಯಲ್ಲಿ ಹೊಯ್ದರು. 1934ರ ಮಾರ್ಚ್‌ನಲ್ಲಿ ಮೊದಲ ಬಿಲ್ಲೆ ಹೊಯ್ಯುವಾಗ ಅಚ್ಚಿನ ಒಳತುಂಡುಗಳು ಕಿತ್ತು ಗಾಜಿನ ಮೇಲೆ ತೇಲಿಬಂದವು, ಬಿಲ್ಲೆ ಕೆಟ್ಟಿತು. ಕಾರ್ಖಾನೆಯ ಜಾರ್ಜ್ ಮೆಕಾಲಿ ಮತ್ತು ಅವರ ಸಂಗಡಿಗರು ಅಚ್ಚನ್ನು ತಿದ್ದಿ ಅದೇ ವರ್ಷ ಡಿಸೆಂಬರ್ 2ರಂದು ಮತ್ತೆ ಹೊಯ್ದರು. ಅದು ಪೈರೆಕ್ಸ್, ಬಹಳ ಕಡಿಮೆ ಹಿಗ್ಗುವ ಗಾಜು. ದಪ್ಪ ಕಡಿಮೆಯಾಗಲಿ ಎಂದು ಬೆನ್ನಿನಲ್ಲಿ ಗೂಡುಗೂಡು ಬಿಟ್ಟಿದ್ದರು. ಹಾಗಿದ್ದರೂ ದಿನಕ್ಕೆ ಒಂದು ಡಿಗ್ರಿಗಿಂತ ಕಡಿಮೆ ಇಳಿಸುತ್ತ ಸುಮಾರು ಹತ್ತು ತಿಂಗಳು ತಣಿಸಿದರು. 1935ರ ಜುಲೈನಲ್ಲಿ ಪಕ್ಕದ ನದಿಗೆ ನೆರೆ ಬಂದು, ವಿದ್ಯುತ್ ನಿಲ್ಲಿಸಿ ಉಪಕರಣಗಳನ್ನು ಎತ್ತರದ ಜಾಗಕ್ಕೆ ಸಾಗಿಸಬೇಕಾಯಿತು. ಬಿಲ್ಲೆ ಮುಚ್ಚಿದ ಗೂಡಿನೊಳಗೆ ತನ್ನ ಬಿಸಿಯಲ್ಲೇ ಉಳಿಯಿತು, ಒಡೆಯಲಿಲ್ಲ. (ಸಾಗರದ ಓದುಗರೂ ಇದನ್ನು ಗಮನಿಸಬೇಕು.) ಪಲೋಮಾರಿನಲ್ಲಿ ಇವತ್ತಿಗೂ ನಕ್ಷತ್ರಗಳನ್ನು ನೋಡುತ್ತಿರುವುದು ಆ ಎರಡನೇ ಬಿಲ್ಲೆ.

ನಿಮ್ಮ ಕೆಲಸಕ್ಕೆ ಬರೋಣ. ಮೇಣದ ಮುಖ ಕರಗಿಹೋದರೂ ಒಡೆದ ಗಾಜಿನ ಮುಖ ನಿಮ್ಮಲ್ಲಿದೆ. ಎರಡು ಹೋಳುಗಳನ್ನು ಅಂಟಿಸಿ ರಬ್ಬರ್ ಅಚ್ಚು ತೆಗೆದರೆ ಹೊಸ ಮೇಣ ಸಿಗುತ್ತದೆ. ಬೆನ್ನಿನ ಕಡೆಯಿಂದ ಮೇಣವನ್ನು ತೋಡಿ ದಪ್ಪವನ್ನು 3 ಸೆಂಟಿಮೀಟರಿಗೆ ಇಳಿಸಿ, ಮುಂದಿನ ರೂಪಕ್ಕೆ ಏನೂ ಆಗುವುದಿಲ್ಲ, ಬೆಳಕೂ ಚೆನ್ನಾಗಿ ಹಾಯುತ್ತದೆ. ಹೊಸ ಅಚ್ಚಿಗೆ ಪ್ಲಾಸ್ಟರ್ ಮತ್ತು ಸಿಲಿಕಾ ಹಿಟ್ಟನ್ನು ಸಮತೂಕದಲ್ಲಿ ಕಲಸುವಾಗ ಮೇಲೆ ಒಬ್ಬ ತಾಯಿಗೆ ಹೇಳಿದ ಮುಖಗವಸಿನ ಮಾತು ನಿಮಗೂ ಸೇರಿತು. ಕಾಲೇಜಿನ ಕಿಲ್ನ್ ಅನ್ನು ಐದು ದಿನಕ್ಕೆ ಮೊದಲೇ ಕೇಳಿ ಹೆಸರು ಬರೆಸಿಡಿ, ಬಾಗಿಲ ಮೇಲೆ ತೆರೆಯಬಾರದು ಎಂದು ದಿನಾಂಕ ಸಹಿತ ಚೀಟಿ ಅಂಟಿಸಿ. ಕಂಟ್ರೋಲರ್ ಪರದೆಯಲ್ಲಿ 40 ಡಿಗ್ರಿ ಕಂಡರೂ ಅದು ಗಾಳಿಯ ಬಿಸಿ, ಅಚ್ಚಿನ ಒಳಗಿನ ಗಾಜಿನದ್ದಲ್ಲ. ಇನ್ನೊಂದು ದಿನ ಬಿಟ್ಟು ಅಚ್ಚು ಬಿಡಿಸಿ. ಅಷ್ಟಾಗಿಯೂ ಏನಾದರೂ ತೊಡಕು ಕಂಡರೆ ಫೋಟೋದ ಜೊತೆ ನೀವು ಹಾಕಿದ ಗಂಟೆ-ಡಿಗ್ರಿಗಳ ಪಟ್ಟಿಯನ್ನೂ ಕಳುಹಿಸಿ, ಎಲ್ಲಿ ತಪ್ಪಿತೆಂದು ಸಾಲು ಸಾಲಾಗಿ ನೋಡಿ ಬರೆಯುತ್ತೇನೆ.